ಮನೆಯ ಶೆಡ್ಡಿನಲ್ಲಿ 1964ರ ಸ್ಟ್ಯಾಂಡರ್ಡ್ ಹೆರಾಲ್ಡ್: ಬಿಚ್ಚಿ ಜೋಡಿಸಿದ ದಾಖಲೆ

ಹಾಸನದ ಕಡೆಯ ನನ್ನ ಸೋದರಮಾವನವರ ಮನೆಯ ಕೊಟ್ಟಿಗೆಯಲ್ಲಿ 1991ರಿಂದ ಅಲುಗಾಡದೆ ನಿಂತಿದ್ದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು 2022ರ ಡಿಸೆಂಬರಿನಲ್ಲಿ ಲಾರಿಯೇರಿ ಮೈಸೂರಿನ ನಮ್ಮ ಮನೆಗೆ ಬಂತು. ನಾಲ್ಕೂ ಟೈರುಗಳು ಒಣಗಿ ಸೀಳಿದ್ದವು, ಹಿಂದಿನ ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು, ಎಂಜಿನ್ ಕೈಯಿಂದ ತಿರುಗಿಸಿದರೆ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಆದರೂ ಮೈಸೂರು ರಾಜ್ಯದ ಕಾಲದ, ಎಂ.ವೈ. ಅಕ್ಷರಗಳಿಂದ ಆರಂಭವಾಗುವ ನಂಬರ್ ಪ್ಲೇಟು ಹಾಗೆಯೇ ಇತ್ತು. ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಎರಡೂ ಹಳೆಯ ಆರ್.ಸಿ. ಪುಸ್ತಕದೊಂದಿಗೆ ತಾಳೆಯಾಗುತ್ತಿದ್ದವು. ಮೂವತ್ತು ವರ್ಷ ಯಂತ್ರೋಪಕರಣಗಳ ಕಾರ್ಖಾನೆಯಲ್ಲಿ ಟೂಲ್ ರೂಮಿನ ಕೆಲಸ ಮಾಡಿ ನಿವೃತ್ತನಾದವನಿಗೆ ಕೈಗಳು ಸುಮ್ಮನಿರುವುದಿಲ್ಲ. ಹಿತ್ತಲಿನ ತಗಡಿನ ಮಾಡಿನ ಶೆಡ್ಡಿನಲ್ಲಿ ನಡೆದ ಇಪ್ಪತ್ತಾರು ತಿಂಗಳ ಕೆಲಸವನ್ನು, ಇಂತಹುದೇ ಗಾಡಿಯೊಂದನ್ನು ಮನೆಯಲ್ಲಿಟ್ಟುಕೊಂಡು ಯಾವ ಬೋಲ್ಟಿನಿಂದ ಆರಂಭಿಸುವುದೆಂದು ಯೋಚಿಸುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಮನೆಯಲ್ಲಿ ಕೆಲಸ ಮಾಡುವವರಿಗೆ ಹೆರಾಲ್ಡಿನಷ್ಟು ಒಗ್ಗುವ ಕಾರು ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಅದಕ್ಕೆ ಒಂದು ಚಾರಿತ್ರಿಕ ಕಾರಣವೂ ಇದೆ. ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಎಂಬ ಸಂಸ್ಥೆಯನ್ನು 1953ರಲ್ಲಿ ಪ್ರತಿಸ್ಪರ್ಧಿಯಾದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿ.ಎಂ.ಸಿ.) ಕೊಂಡುಕೊಂಡಿತು. ಇಡೀ ಬಾಡಿಯನ್ನು ಒಂದೇ ಕಡೆ ಒತ್ತಿ ಬೆಸೆದು ಕೊಡುವವರು ಕೈತಪ್ಪಿದ್ದರಿಂದ, ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾದ ತುಂಡುಗಳನ್ನು ತಂದು ಪ್ರತ್ಯೇಕವಾದ ಚಾಸಿಸ್ಸಿನ ಮೇಲೆ ಬೋಲ್ಟು ಹಾಕಿ ಕೂರಿಸುವ ವಿನ್ಯಾಸಕ್ಕೆ ಅವರು ಮೊರೆಹೋದರು. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ರೂಪ ಕೊಟ್ಟ ಆ ಕಾರು 1959ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂತು. 1961ರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಅದನ್ನು ಇಲ್ಲಿ ಹೊರತಂದಿತು. ಅವರ ಅಂದಿನ ಕಷ್ಟ ಇಂದು ನಮಗೆ ಅನುಕೂಲವಾಗಿದೆ: ಛಾವಣಿ ಬೋಲ್ಟಿನಲ್ಲಿ ನಿಂತಿದೆ, ಬಾಗಿಲಿನ ಕೆಳಗಿನ ಪಟ್ಟಿಗಳಾದ ಸಿಲ್‌ಗಳು ಬೋಲ್ಟಿನಲ್ಲಿ ನಿಂತಿವೆ, ಮಡ್‌ಗಾರ್ಡುಗಳ ಸಮೇತ ಇಡೀ ಬಾನೆಟ್ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ, ಉಳಿದ ಬಾಡಿ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯಾದ ಮುಂದಿನ ಬಲ್ಕ್‌ಹೆಡ್ ಮತ್ತು ಹಿಂದಿನ ತೊಟ್ಟಿ ಎಂದು ಎರಡು ಭಾಗವಾಗಿ ಬೇರ್ಪಡುತ್ತದೆ. ಕ್ರೇನ್ ಇಲ್ಲದೆ ಆರು ಜನರ ಕೈಬಲದಿಂದ ಇವನ್ನೆಲ್ಲ ಎತ್ತಿಡಬಹುದು.

ಬಿಚ್ಚುವ ಮುನ್ನ ಎರಡು ವಾರ ಬರೀ ಅಳೆದೆ. ಬಾಗಿಲಿನ ಸುತ್ತಲಿನ ಸಂದು, ಬಾನೆಟ್ಟಿಗೂ ಬಲ್ಕ್‌ಹೆಡ್ಡಿಗೂ ನಡುವಿನ ಸಂದು, ಡಿಕ್ಕಿಯ ಮುಚ್ಚಳದ ಸಂದು, ಹೀಗೆ ಪ್ರತಿಯೊಂದನ್ನೂ ಮೂರು ಮೂರು ಕಡೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದೆ, ಫೋಟೋ ತೆಗೆದೆ. ಬಿಚ್ಚಿದ ಬೋಲ್ಟುಗಳನ್ನು ಇಡಲು ಮದುವೆಮನೆಯಲ್ಲಿ ಊಟಕ್ಕೆ ಕೊಡುವ ಅಡಿಕೆ ಹಾಳೆಯ ತಟ್ಟೆಗಳನ್ನು ತಂದೆ. ಅವುಗಳ ಅಂಚಿನಲ್ಲಿ ಪೆನ್ನಿನಿಂದ ಬರೆಯಬಹುದು, ಎಣ್ಣೆ ತಾಗಿದರೂ ಅವು ಬೇಗ ಹಾಳಾಗುವುದಿಲ್ಲ. ಹೆರಾಲ್ಡಿನ ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. ನಮ್ಮ ಕಡೆಯ ಗ್ಯಾರೇಜುಗಳಲ್ಲಿರುವುದು ಮಿ.ಮೀ. ಸ್ಪ್ಯಾನರ್. ಅರ್ಧ ಇಂಚಿನ ತಲೆಗೆ 13 ಮಿ.ಮೀ. ಸ್ಪ್ಯಾನರ್ ಹಾಕಿದರೆ ಹಿಡಿದಂತೆ ಕಾಣುತ್ತದೆ, ಬಲ ಹಾಕಿದೊಡನೆ ಮೂಲೆಗಳನ್ನು ಸವೆಸಿಬಿಡುತ್ತದೆ. ನನ್ನ ಗಾಡಿಯ ಅರ್ಧಕ್ಕರ್ಧ ಬೋಲ್ಟುಗಳ ತಲೆ ಹೀಗೆಯೇ ದುಂಡಗಾಗಿತ್ತು. ಆದ್ದರಿಂದ 7/16, 1/2, 9/16 ಇಂಚಿನ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ಟುಗಳನ್ನು ಮೊದಲೇ ಕೊಂಡುಕೊಳ್ಳಬೇಕು. ತುಕ್ಕು ಹಿಡಿದ ಬೋಲ್ಟಿಗೆ ಅಸಿಟೋನ್ ಮತ್ತು ಗೇರ್‌ಬಾಕ್ಸಿನ ಎ.ಟಿ.ಎಫ್. ಎಣ್ಣೆಯನ್ನು ಸಮಪಾಲಿನಲ್ಲಿ ಬೆರೆಸಿ ಮೂರು ದಿನ ತೊಟ್ಟಿಕ್ಕಿಸಿದರೆ ಬಹುತೇಕ ಬೋಲ್ಟುಗಳು ಸಡಿಲವಾಗುತ್ತವೆ. ಆಗದವನ್ನು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ತೆಗೆದೆ.

ಬಾಡಿಯನ್ನು ಎತ್ತಿದ್ದು 2023ರ ಫೆಬ್ರುವರಿಯ ಒಂದು ಭಾನುವಾರ. ಅಂದು ನಡೆದ ತಪ್ಪನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಅದರ ಫಲವನ್ನು ಒಂದೂವರೆ ವರ್ಷದ ನಂತರ ಉಂಡೆ. ಬಾಡಿಗೂ ಚಾಸಿಸ್ಸಿಗೂ ನಡುವೆ ಪ್ರತಿ ಬೋಲ್ಟಿನ ಜಾಗದಲ್ಲಿ ರಬ್ಬರಿನ ಅಥವಾ ಲೋಹದ ಬಿಲ್ಲೆಗಳಿರುತ್ತವೆ. ಅವು ಎಲ್ಲ ಕಡೆಯೂ ಒಂದೇ ದಪ್ಪದವಲ್ಲ. ಕಾರ್ಖಾನೆಯಲ್ಲಿ ಜೋಡಿಸಿದವನು ಆ ಗಾಡಿಯ ಬಾಗಿಲು ಸರಿಯಾಗಿ ಕೂರುವಂತೆ ಒಂದೊಂದು ಕಡೆ ಒಂದೊಂದು ದಪ್ಪದವನ್ನು ಹಾಕಿರುತ್ತಾನೆ. ಎತ್ತುವ ಗಡಿಬಿಡಿಯಲ್ಲಿ, ಸಹಾಯಕ್ಕೆ ಬಂದಿದ್ದ ಪಕ್ಕದ ಮನೆಯ ಹುಡುಗರು ನೆಲಕ್ಕೆ ಬಿದ್ದ ಬಿಲ್ಲೆಗಳನ್ನೆಲ್ಲ ಅಚ್ಚುಕಟ್ಟಾಗಿ ಆರಿಸಿ ಒಂದೇ ಡಬ್ಬಿಗೆ ತುಂಬಿಸಿ ನನ್ನ ಕೈಗಿತ್ತರು. ಮೊದಲೇ ಹೇಳದಿದ್ದ ತಪ್ಪು ನನ್ನದು. ಎರಡು ವಾರ ಮಾಡಿದ ಅಳತೆಯಲ್ಲಿ ಬಿಟ್ಟುಹೋಗಿದ್ದ ಏಕೈಕ ಅಳತೆ ಅದೇ ಆಗಿತ್ತು.

ಚಾಸಿಸ್ಸಿನ ನಡುವಿನ ಎರಡು ಮುಖ್ಯ ಕಂಬಿಗಳು ಸುತ್ತಿಗೆಯ ಮೊನೆಯಿಂದ ತಟ್ಟಿದರೆ ಗಂಟೆಯಂತೆ ನಾದ ಕೊಡುತ್ತಿದ್ದವು. ಅಲ್ಲಿ ಕಬ್ಬಿಣ ಗಟ್ಟಿಯಾಗಿತ್ತು. ಅವುಗಳಿಂದ ಪಕ್ಕಕ್ಕೆ ಚಾಚಿಕೊಂಡು ಬಾಡಿಯನ್ನು ಹೊರುವ ಔಟ್‌ರಿಗರುಗಳು ಮಾತ್ರ ಹಪ್ಪಳದಂತಾಗಿದ್ದವು. ಎಡಭಾಗದ ಎರಡನ್ನು ಪೂರ್ತಿಯಾಗಿ, ಬಲಭಾಗದ ಒಂದನ್ನು ಅರ್ಧ ಕತ್ತರಿಸಿ, 2 ಮಿ.ಮೀ. ದಪ್ಪದ ಹಾಳೆಯಿಂದ ಹೊಸದಾಗಿ ಮಡಚಿ ಮಿಗ್ ವೆಲ್ಡಿಂಗ್ ಮಾಡಿದೆ. ಕತ್ತರಿಸುವ ಮುನ್ನ ಬೋಲ್ಟಿನ ರಂಧ್ರಗಳ ಜಾಗವನ್ನು ಕೋನ ಕಬ್ಬಿಣದ ಚೌಕಟ್ಟಿಗೆ ಇಳಿಸಿಕೊಂಡು, ಹೊಸ ತುಂಡನ್ನು ಅದೇ ಚೌಕಟ್ಟಿಗೆ ಬಿಗಿದು ಬೆಸೆದಿದ್ದರಿಂದ ರಂಧ್ರಗಳು ಒಂದು ಮಿ.ಮೀ. ಕೂಡ ಕದಲಲಿಲ್ಲ. ಒಂದೇ ಸಲ ಉದ್ದಕ್ಕೆ ಬೆಸೆದರೆ ಕಾವಿಗೆ ಕಂಬಿ ಸೊಟ್ಟಗಾಗುತ್ತದೆ. ಒಂದಿಂಚು ಈ ಕಡೆ, ಒಂದಿಂಚು ಆ ಕಡೆ ಎಂದು ಬಿಟ್ಟು ಬಿಟ್ಟು ಬೆಸೆಯಬೇಕು.

ಸಣ್ಣ ಭಾಗಗಳ ತುಕ್ಕು ತೆಗೆಯಲು ಮಂಡ್ಯದ ಕಡೆಯ ಪರಿಚಯಸ್ಥರಿಂದ ಕಾಕಂಬಿ ತರಿಸಿದೆ. ಕಬ್ಬಿನ ಸಕ್ಕರೆ ತೆಗೆದ ಮೇಲೆ ಉಳಿಯುವ ಈ ಮಂದ ದ್ರವವನ್ನು ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಡ್ರಮ್ಮಿನಲ್ಲಿ ಕಲಸಿಟ್ಟು, ಗ್ರೀಸ್ ತೊಳೆದ ಕಬ್ಬಿಣದ ಸಾಮಾನುಗಳನ್ನು ಮುಳುಗಿಸಿದರೆ, ಎರಡು ವಾರದಲ್ಲಿ ತುಕ್ಕು ಬಿಟ್ಟುಕೊಂಡು ಬೂದು ಬಣ್ಣದ ಶುದ್ಧ ಲೋಹ ಹೊರಬರುತ್ತದೆ. ತುಕ್ಕನ್ನು ಹಿಡಿದು ಕರಗಿಸುವ ಅದರ ಗುಣ ಗಟ್ಟಿ ಕಬ್ಬಿಣಕ್ಕೆ ಅಷ್ಟಾಗಿ ತಾಗುವುದಿಲ್ಲ. ಅಲ್ಯುಮಿನಿಯಂ ಸಾಮಾನನ್ನು ಮಾತ್ರ ಅದರಲ್ಲಿ ಹಾಕಕೂಡದು. ವಾಸನೆಯಂತೂ ಬೀದಿಗೆಲ್ಲ ಹಬ್ಬುತ್ತದೆ, ಇರುವೆ ಬರುತ್ತದೆ. ಮುಚ್ಚಳವಿರುವ ಡ್ರಮ್ಮೇ ಬೇಕು. ತೆಗೆದ ತಕ್ಷಣ ತೊಳೆದು, ಒಣಗಿಸಿ, ಪ್ರೈಮರ್ ಬಳಿಯದಿದ್ದರೆ ಮಾರನೆಯ ಬೆಳಿಗ್ಗೆಗೆ ಹೊಸ ತುಕ್ಕು ಮೂಡಿರುತ್ತದೆ.

ಈಗ ಈ ಕಾರಿನಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಭಾಗಕ್ಕೆ ಬರುತ್ತೇನೆ. ಮುಂದಿನ ಚಕ್ರವನ್ನು ಹೊತ್ತು ನಿಲ್ಲುವ ಉಕ್ಕಿನ ನೆಟ್ಟನೆಯ ಕಂಬಕ್ಕೆ ವರ್ಟಿಕಲ್ ಲಿಂಕ್ ಎನ್ನುತ್ತಾರೆ. ಅದರ ಕೆಳತುದಿಯಲ್ಲಿ ದಪ್ಪ ಮರೆ (ಸ್ಕ್ರೂವಿನ ಸುತ್ತು) ಕೊರೆದಿರುತ್ತದೆ; ಆ ಮರೆ ಹಿತ್ತಾಳೆ ಬಣ್ಣದ ಕಂಚಿನ ಗೂಡೊಂದರೊಳಗೆ ತಿರುಗಿ ಕೂರುತ್ತದೆ. ಆ ಗೂಡೇ ಟ್ರನಿಯನ್. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯ ಮೇಲೆಯೇ ಚಕ್ರ ತಿರುಗುತ್ತದೆ, ಅಂದರೆ ಗಾಡಿಯ ಮುಂಭಾಗದ ಅರ್ಧ ಭಾರವನ್ನು ಹೊತ್ತ ಒಂದು ಸ್ಕ್ರೂ ನಿತ್ಯವೂ ತಿರುಗುತ್ತಿರುತ್ತದೆ. ತಯಾರಕರು ಇದಕ್ಕೆ ಹೇಳಿದ್ದು ಇ.ಪಿ. 90 ಗೇರ್ ಎಣ್ಣೆ. ನಮ್ಮ ಸರ್ವಿಸ್ ಸ್ಟೇಷನ್ನುಗಳಲ್ಲಿ ಅದಕ್ಕೆ ಎಣ್ಣೆ ಹಾಕುವ ತೂತನ್ನು ಕಂಡವರು ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಿದರು. ಗ್ರೀಸ್ ಮರೆಯ ತಳದವರೆಗೆ ಹರಿಯುವುದಿಲ್ಲ. ಕಾಲಾಂತರದಲ್ಲಿ ಒಣಗಿ ಮೇಣದಂತಾಗುತ್ತದೆ, ಮಳೆನೀರು ಒಳಸೇರುತ್ತದೆ, ಮರೆಯ ಬುಡದಲ್ಲಿ ತುಕ್ಕು ಕಚ್ಚುತ್ತದೆ, ಆ ತುಕ್ಕಿನ ಗೀರಿನಿಂದ ಬಿರುಕು ಆರಂಭವಾಗುತ್ತದೆ. ಕೊನೆಗೊಂದು ದಿನ ಮುರಿದರೆ ಚಕ್ರ ಗಾಡಿಯಡಿಗೆ ಮಡಚಿಕೊಳ್ಳುತ್ತದೆ.

ನನ್ನ ಗಾಡಿಯ ಬಲಗಡೆಯ ಟ್ರನಿಯನ್ ಕಷ್ಟಪಟ್ಟು ತಿರುಗಿತು. ಎಡಗಡೆಯದು ವೈಸಿನಲ್ಲಿ ಹಿಡಿದು ಕಾಯಿಸಿದ ಮೇಲೆ ಕಿರುಗುಟ್ಟುತ್ತ ಬಿಟ್ಟುಕೊಂಡಿತು; ಒಳಗಿನಿಂದ ಕಂದು ಬಣ್ಣದ ಪುಡಿ ಉದುರಿತು. ಸೀಮೆಎಣ್ಣೆಯಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದಾಗ ಏನೂ ಕಾಣಲಿಲ್ಲ. ಕಾರ್ಖಾನೆಯ ಅಭ್ಯಾಸ ಬಿಡಲಿಲ್ಲವಾದ್ದರಿಂದ ಬಣ್ಣದ ಪರೀಕ್ಷೆ ಮಾಡಿದೆ: ಕೆಂಪು ಬಣ್ಣದ ದ್ರವ ಸಿಂಪಡಿಸಿ, ಇಪ್ಪತ್ತು ನಿಮಿಷ ಬಿಟ್ಟು, ಪೂರ್ತಿಯಾಗಿ ಒರೆಸಿ, ಬಿಳಿಯ ಡೆವಲಪರ್ ಪುಡಿಯನ್ನು ತೆಳುವಾಗಿ ಸಿಂಪಡಿಸಿದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಬಿಳಿಯ ಮೇಲೆ, ಮರೆಯ ಮೊದಲ ಸುತ್ತು ಆರಂಭವಾಗುವ ಕಡೆ, ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಮೂಡಿತು. ಮೊದಲು ಅರ್ಧ ಅಕ್ಕಿಕಾಳಿನಷ್ಟಿದ್ದ ಗೆರೆ ನೋಡನೋಡುತ್ತಿದ್ದಂತೆ ಉಗುರಿನಷ್ಟು ಉದ್ದವಾಯಿತು. ಮಾವನವರು ಇದೇ ಚಕ್ರದ ಮೇಲೆ ಅತ್ತೆಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದವರು. ಆ ದಿನ ಮುಂದಿನ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಹೆರಾಲ್ಡಿನ ಮುಂಭಾಗದ ಬಹಳಷ್ಟು ಸಾಮಾನುಗಳು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನೊಂದಿಗೆ ಹೊಂದುವಂಥವು. ಆ ಕಾರಿಗೆ ಇಂಗ್ಲೆಂಡಿನಲ್ಲಿ ಇಂದಿಗೂ ಬಿಡಿಭಾಗಗಳು ತಯಾರಾಗುತ್ತಿವೆ. ಎರಡೂ ಕಡೆಯ ಲಿಂಕ್ ಮತ್ತು ಟ್ರನಿಯನ್‌ಗಳನ್ನು ಅಲ್ಲಿಂದಲೇ ತರಿಸಿದೆ; ಈ ಒಂದು ಕಡೆ ಹಣ ಉಳಿಸಲು ನೋಡಬಾರದು. ಒಂದು ಕಡೆಯದು ಬಲಮರೆ, ಇನ್ನೊಂದು ಕಡೆಯದು ಎಡಮರೆ. ಬಲವಂತದಿಂದ ಅದಲುಬದಲು ಮಾಡಿದರೆ ಕಂಚಿನ ಮರೆ ಕಿತ್ತುಬರುತ್ತದೆ. ಎಣ್ಣೆ ಸವರಿ, ಟ್ರನಿಯನ್ನನ್ನು ಕೈಯಿಂದ ತಳದವರೆಗೆ ತಿರುಗಿಸಿ ಕೂರಿಸಿ, ಸ್ಟಿಯರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ಹಿಂದಕ್ಕೆ ಬಿಡದೆ ಜೋಡಿಸಿದರೆ ಸ್ಟಿಯರಿಂಗ್ ತಿರುವಿದಾಗ ಮರೆ ತಳಕ್ಕೆ ಒತ್ತಿ, ನಾವು ತಪ್ಪಿಸಲು ಹೊರಟ ಪೆಟ್ಟನ್ನೇ ಹೊಸ ಲಿಂಕಿಗೆ ಕೊಟ್ಟಂತಾಗುತ್ತದೆ. ಗ್ರೀಸ್ ಗನ್ನೊಂದನ್ನು ತೊಳೆದು, ಅದರಲ್ಲಿ ಗೇರ್ ಎಣ್ಣೆ ತುಂಬಿ, "ಟ್ರನಿಯನ್‌ಗೆ ಮಾತ್ರ" ಎಂದು ಪಟ್ಟಿ ಅಂಟಿಸಿಟ್ಟಿದ್ದೇನೆ.

ಹಿಂಭಾಗದಲ್ಲಿ ಅಡ್ಡಲಾಗಿ ಕೂರುವ ಒಂದೇ ಪಟ್ಟೆ ಸ್ಪ್ರಿಂಗ್ ಇದೆ, ಎರಡೂ ಚಕ್ರಗಳು ಸ್ವತಂತ್ರವಾಗಿ ಏರಿಳಿಯುತ್ತವೆ. ಚಕ್ರವನ್ನು ಬಿಗಿಯುವ ಹಿಂದಿನ ಹಬ್ಬುಗಳು ಇಳಿಜಾರಾದ ಆಕ್ಸಲ್ ತುದಿಯ ಮೇಲೆ ಎಷ್ಟು ಬಿಗಿಯಾಗಿ ಕೂತಿರುತ್ತವೆಂದರೆ ಅವನ್ನು ಎಳೆದು ತೆಗೆಯುವ ಸಾಮಾನ್ಯ ಮೂರು ಕಾಲಿನ ಪುಲ್ಲರ್ ಕಾಲು ಮುರಿದುಕೊಳ್ಳುತ್ತದೆ. ಚಕ್ರದ ನಾಲ್ಕೂ ಸ್ಟಡ್ಡುಗಳಿಗೆ ಕೂರುವಂತೆ 20 ಮಿ.ಮೀ. ದಪ್ಪದ ತಟ್ಟೆಯೊಂದನ್ನು ಕೊರೆಸಿ, ನಡುವೆ ದೊಡ್ಡ ಬೋಲ್ಟು ಕೊಟ್ಟು, ಬಿಗಿದು ಒಂದು ರಾತ್ರಿ ಹಾಗೆಯೇ ಬಿಟ್ಟೆ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಒಂದೇ ಏಟು ಕೊಟ್ಟಾಗ ಕೋವಿ ಸಿಡಿದ ಸದ್ದಿನೊಂದಿಗೆ ಹಬ್ ಹೊರಬಂತು.

ಎಂಜಿನ್ 948 ಸಿ.ಸಿ.ಯದು, 63 ಮಿ.ಮೀ. ಬೋರ್ (ಸಿಲಿಂಡರಿನ ಒಳಅಗಲ), 76 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ನಾಲ್ಕು ಸಿಲಿಂಡರ್. ಇದೇ ಅಳತೆಯ ಎಂಜಿನ್ ಅದಕ್ಕೂ ಹಿಂದಿನ ಸ್ಟ್ಯಾಂಡರ್ಡ್ ಟೆನ್ ಕಾರಿನಲ್ಲಿಯೂ ಇತ್ತಾದ್ದರಿಂದ ಪಿಸ್ಟನ್ ಹುಡುಕುವವರು ಎರಡೂ ಹೆಸರುಗಳನ್ನು ಹೇಳಿ ಕೇಳಬೇಕು. ಪ್ಲಗ್ಗಿನ ತೂತಿನಿಂದ ಡೀಸೆಲ್ ಮತ್ತು ಎ.ಟಿ.ಎಫ್. ಸುರಿದು ಹತ್ತು ದಿನ ನೆನೆಸಿದ ಮೇಲೆ, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ತಿರುಗಿತು. ಬಿಚ್ಚಿ ಅಳೆದಾಗ ಬೋರುಗಳು ಮೇಲ್ತುದಿಯಲ್ಲಿ 7 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಸವೆದಿದ್ದವು. ಇನ್ನೊಂದು ಕಡೆ ಗಮನ ಕೊಡಬೇಕು: ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವುದು ಹಿಂದಿನ ಮೇನ್ ಬೇರಿಂಗಿನ ಬಳಿ ಇರುವ ಎರಡು ಅರ್ಧಚಂದ್ರಾಕಾರದ ಥ್ರಸ್ಟ್ ವಾಷರುಗಳು ಮಾತ್ರ. ಅವು ತೀರ ಸವೆದರೆ ಜಾರಿ ಎಂಜಿನ್ನಿನಡಿಯ ಎಣ್ಣೆ ತೊಟ್ಟಿಯಾದ ಸಂಪಿನೊಳಗೆ ಬೀಳುತ್ತವೆ. ಆಮೇಲೆ ಕ್ರ್ಯಾಂಕ್ ಬ್ಲಾಕನ್ನೇ ಅರೆಯತೊಡಗುತ್ತದೆ. ಡಯಲ್ ಗೇಜ್ ಇಟ್ಟು ನೋಡಿದರೆ ನನ್ನದರಲ್ಲಿ 17 ಥೌ ಆಟವಿತ್ತು. ಒಳ್ಳೆಯ ಎಂಜಿನ್ನಿನಲ್ಲಿ ಅದು 4ರಿಂದ 8 ಥೌ ಒಳಗಿರಬೇಕು. ದಪ್ಪ ಅಳತೆಯ ವಾಷರ್ ಹಾಕಿ 6ಕ್ಕೆ ತಂದೆ. ಗೀರುಗಳಿರುವ ಬಿಳಿ ಲೋಹದ ಮುಖ ಕ್ರ್ಯಾಂಕಿನ ಕಡೆಗಿರಬೇಕು.

ಬೋರ್ ಮಾಡಿಸುವಾಗ ನನಗೆ ನಷ್ಟವಾಯಿತು. 20 ಥೌ ಹೆಚ್ಚಿನ ಅಳತೆಯ ಪಿಸ್ಟನ್‌ಗಳು ಚೆನ್ನೈಯಿಂದ ಬರುವುದು ತಡವಾದ್ದರಿಂದ, ಅವು ಬಂದ ಮೇಲೆ ಅಳೆದು ಬೋರ್ ಮಾಡಿ ಎಂದು ಹೇಳಿ ಬ್ಲಾಕನ್ನು ಒಂದು ಕಾರ್ಯಾಗಾರದಲ್ಲಿ ಬಿಟ್ಟುಬಂದಿದ್ದೆ. ಅವರು ಕಾಯದೆ ಲೆಕ್ಕದ ಅಳತೆಗೆ ನಾಲ್ಕನ್ನೂ ಕೊರೆದಿಟ್ಟರು. ಪಿಸ್ಟನ್ ಬಂದಾಗ ಅವು ಲೆಕ್ಕಕ್ಕಿಂತ ತುಸು ಚಿಕ್ಕವಾಗಿದ್ದು, ಸಂದು ಇರಬೇಕಾದ್ದಕ್ಕಿಂತ ಎರಡರಷ್ಟಾಯಿತು. ಹಾಗೆಯೇ ಜೋಡಿಸಬಹುದೆಂದು ಅವರು ಹೇಳಿದರು; ನಾನು ಒಪ್ಪಲಿಲ್ಲ. 30 ಥೌ ಪಿಸ್ಟನ್‌ಗಳಿಗಾಗಿ ಮತ್ತೆ ಮೂರು ತಿಂಗಳು ಅಲೆದು, ಚೆನ್ನೈನ ಪುದುಪೇಟೆಯ ಹಳೆಯ ಸಾಮಾನಿನ ಗಲ್ಲಿಗಳಲ್ಲಿ ಎರಡು ದಿನ ಸುತ್ತಿ, ಎಣ್ಣೆ ಕಾಗದವನ್ನೂ ಬಿಚ್ಚದ ಒಂದು ಜೊತೆಯನ್ನು ತಂದೆ. ಈ ಸಲ ಪ್ರತಿ ಪಿಸ್ಟನ್ನಿನ ಮೇಲೆ ಅದರ ಸಿಲಿಂಡರಿನ ಸಂಖ್ಯೆ ಬರೆದು ಬ್ಲಾಕಿನ ಜೊತೆಯಲ್ಲಿಯೇ ಬೇರೆ ಕಡೆ ಕೊಟ್ಟು, ಕೊರೆಯುವಾಗ ಪಕ್ಕದಲ್ಲಿ ನಿಂತಿದ್ದೆ.

ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಎರಕದ ಕಬ್ಬಿಣದ್ದು. ಸೀಸದ ಪೆಟ್ರೋಲಿನ ಕಾಲದಲ್ಲಿ ಮಾಡಿದ ಅದರ ವಾಲ್ವ್ ಸೀಟುಗಳು ಮೆದುವಾಗಿರುತ್ತವೆ. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲೇ ಸಿಗುವುದರಿಂದ ಎಕ್ಸಾಸ್ಟ್ ಬದಿಗೆ ಗಟ್ಟಿ ಸೀಟುಗಳನ್ನು ಕೂರಿಸಿದೆ. ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರಿನ ಯಾವ ಸಾಮಾನೂ ಉಳಿಯುವುದಿಲ್ಲ. ಪಂಪಿನ ಡಯಾಫ್ರಮ್, ಹೋಸುಗಳು ಮತ್ತು ಸೋಲೆಕ್ಸ್ ಕಾರ್ಬುರೇಟರಿನ ವಾಷರುಗಳನ್ನೆಲ್ಲ ಎಥೆನಾಲ್ ತಡೆಯುವ ಬಗೆಯವಕ್ಕೆ ಬದಲಿಸಿದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯಾದರೆ ಟ್ಯಾಂಕ್ ತುಂಬಿಸಿಯೇ ಇಡುವುದು ಒಳ್ಳೆಯದು, ಖಾಲಿ ಜಾಗದ ತೇವವನ್ನು ಎಥೆನಾಲ್ ಹೀರಿಕೊಂಡು ಟ್ಯಾಂಕಿನ ತಳಕ್ಕೆ ನೀರು ಇಳಿಸುತ್ತದೆ.

ಬ್ರೇಕ್ ನಾಲ್ಕೂ ಚಕ್ರಕ್ಕೆ ಡ್ರಮ್. ಮುಂದೆ 8 ಇಂಚು, ಹಿಂದೆ 7 ಇಂಚು. ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಸರ್ಕ್ಯೂಟ್. ಎಲ್ಲಿ ಸೋರಿದರೂ ನಾಲ್ಕೂ ಹೋಗುತ್ತವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಲಸ ಮಾಡಬೇಕು. ಗುಳಿಬಿದ್ದ ವೀಲ್ ಸಿಲಿಂಡರುಗಳಿಗೆ ಬೆಂಗಳೂರಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ತೋಳು ಕೂರಿಸಿ ಮೂಲ ಅಳತೆಗೆ ತರಿಸಿದೆ. ಉಕ್ಕಿನ ಪೈಪುಗಳ ಬದಲು ತುಕ್ಕು ಹಿಡಿಯದ ತಾಮ್ರ-ನಿಕ್ಕಲ್ ಪೈಪನ್ನು, 3/16 ಇಂಚಿನದು, ಹಳೆಯ ಪೈಪಿನ ಆಕಾರಕ್ಕೇ ಬಾಗಿಸಿ ಹಾಕಿದೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರವಿರುವ ಹಿಂದಿನ ಎಡ ಚಕ್ರದಿಂದ ಆರಂಭಿಸಿ ಗಾಳಿ ತೆಗೆದೆವು. ಮಗಳು ಪೆಡಲ್ ಒತ್ತಿ ಹಿಡಿಯುತ್ತಿದ್ದಳು. "ಅಪ್ಪ, ಈಗ ಕಲ್ಲಿನ ಹಾಗಿದೆ" ಎಂದು ಅವಳು ಹೇಳುವ ಹೊತ್ತಿಗೆ ಅರ್ಧ ಲೀಟರ್ ಎಣ್ಣೆ ಖರ್ಚಾಗಿತ್ತು. ಬ್ರೇಕ್ ಎಣ್ಣೆ ಬಣ್ಣವನ್ನು ಸುಲಿದುಬಿಡುವುದರಿಂದ ಈ ಕೆಲಸವನ್ನು ಬಣ್ಣ ಹೊಡೆಸುವ ಮೊದಲೇ ಮುಗಿಸಿದ್ದೆ.

2024ರ ಆಗಸ್ಟಿನಲ್ಲಿ ಬಾಡಿ ಮತ್ತೆ ಚಾಸಿಸ್ಸಿನ ಮೇಲೆ ಬಂತು, ಡಬ್ಬಿಯಲ್ಲಿ ಕಲಸಿಹೋಗಿದ್ದ ಬಿಲ್ಲೆಗಳ ಲೆಕ್ಕವೂ ಬಂತು. ಎಲ್ಲ ಕಡೆ ಒಂದೇ ದಪ್ಪದ ಹೊಸ ಬಿಲ್ಲೆ ಹಾಕಿ ಬಾಗಿಲು ನೇತುಹಾಕಿದಾಗ, ಎಡ ಬಾಗಿಲಿನ ಹಿಂದಿನ ಅಂಚಿನ ಸಂದು ಮೇಲೆ 8 ಮಿ.ಮೀ., ಕೆಳಗೆ 4 ಮಿ.ಮೀ. ಬಂತು. ನಾನು ಮೂರು ದಿನ ಬಾಗಿಲಿನ ಕೀಲನ್ನು ಸಡಿಲಿಸಿ ಬಿಗಿಸಿ ಒದ್ದಾಡಿದೆ. ಕೀಲು ಸರಿಸಿದರೆ ಮುಂದಿನ ಸಂದು ಕೆಡುತ್ತಿತ್ತು, ಬಾಗಿಲಿನ ಗೆರೆ ಬಾನೆಟ್ಟಿನ ಗೆರೆಯೊಂದಿಗೆ ಸೇರುತ್ತಿರಲಿಲ್ಲ. ನಲವತ್ತು ವರ್ಷ ಟಿಂಕರ್ ಕೆಲಸ ಮಾಡಿದ ನಮ್ಮ ಬಡಾವಣೆಯ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಬಾಗಿಲನ್ನು ಮುಟ್ಟಲೇ ಇಲ್ಲ. ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಅಡಿಯನ್ನು ನೋಡಿ, "ಬಾಗಿಲು ಸರಿಯಾಗೇ ಇದೆ ಸಾರ್, ಹಿಂದ್ಗಡೆ ಬಾಡಿ ಕೂತ್ಬಿಟ್ಟಿದೆ" ಎಂದರು.

ಅವರು ಹೇಳಿದ್ದು ರೇಖಾಗಣಿತದ ಮಾತು. ಹಿಂದಿನ ತೊಟ್ಟಿಯ ಬಾಲ ಇಳಿದರೆ ಅದರ ಮುಂದಿನ ಕಂಬದ ತಲೆ ಹಿಂದಕ್ಕೆ ವಾಲುತ್ತದೆ. ಮೇಲಿನ ಸಂದು ಹಿಗ್ಗುತ್ತದೆ, ಕೆಳಗಿನದು ಕುಗ್ಗುತ್ತದೆ. ಡಬ್ಬಿಯಲ್ಲಿದ್ದ ಹಳೆಯ ಬಿಲ್ಲೆಗಳನ್ನು ಮೈಕ್ರೊಮೀಟರಿನಲ್ಲಿ ಒಂದೊಂದಾಗಿ ಅಳೆದಾಗ, ಉಳಿದವಕ್ಕಿಂತ 6 ಮಿ.ಮೀ. ದಪ್ಪವಾಗಿದ್ದ ಎರಡು ಬಿಲ್ಲೆಗಳು ಸಿಕ್ಕವು. ಅವುಗಳ ಮೇಲಿನ ತುಕ್ಕಿನ ಗುರುತು ಡಿಕ್ಕಿಯ ಕೆಳಗಿನ ಬ್ರಾಕೆಟ್ಟಿನ ಆಕಾರಕ್ಕೆ ಸರಿಯಾಗಿ ಹೊಂದಿತು. ಮದರಾಸಿನಲ್ಲಿ ಅರವತ್ತು ವರ್ಷದ ಹಿಂದೆ ಜೋಡಿಸಿದವನು ಇದೇ ಸಂದನ್ನು ಇದೇ ರೀತಿಯಲ್ಲಿ ಸರಿಪಡಿಸಿದ್ದ. ಅಷ್ಟೇ ದಪ್ಪದ ಹೊಸ ಬಿಲ್ಲೆಗಳನ್ನು ಅಲ್ಲಿಗೆ ಹಾಕಿ, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ನಾಲ್ಕೂ ಚಕ್ರದ ಮೇಲೆ ಭಾರ ಬಿಟ್ಟು ನೋಡಿದಾಗ ಮೇಲೂ ಕೆಳಗೂ ಆರು ಮಿ.ಮೀ. ಬಂತು. ಮೇಸ್ತ್ರಿಯವರು ಬಾಗಿಲನ್ನು ಒಂದೇ ಬೆರಳಿನಿಂದ ದೂಡಿದರು. ಅದು ಟಕ್ಕೆಂದು ಕೂತಿತು. ಬಾಡಿಯ ಕೆಲಸ ಮಾಡುವವರೆಲ್ಲ ಚಕ್ರದ ಮೇಲೆ ಭಾರ ಬಿಟ್ಟೇ ಸಂದು ನೋಡಬೇಕು. ಸ್ಟ್ಯಾಂಡಿನ ಮೇಲೆ ಸರಿ ಕಂಡದ್ದು ನೆಲಕ್ಕಿಳಿದಾಗ ಸರಿಯಿರುವುದಿಲ್ಲ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಳೆಗಾಲದಲ್ಲಿ ಬರಿ ಲೋಹವನ್ನು ಒಂದು ರಾತ್ರಿಯೂ ಬಿಡಬಾರದು. ಉಜ್ಜಿದ ದಿನವೇ ಇಪಾಕ್ಸಿ ಪ್ರೈಮರ್ ಹೊಡೆಯಬೇಕು. ಕೊನೆಯ ಬಣ್ಣವನ್ನು ಮನೆಯಲ್ಲಿ ಹೊಡೆಯಲಿಲ್ಲ, ಏಕೆಂದರೆ ಎರಡು ದ್ರವ ಬೆರೆಸುವ ಪಿ.ಯು. (ಪಾಲಿಯುರೆಥೇನ್) ಬಣ್ಣದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ವಿಷ, ಸಾಮಾನ್ಯ ಮಾಸ್ಕ್ ಅದನ್ನು ನೆಚ್ಚುವಂತೆ ತಡೆಯಲಾರದು. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವಿರುವ ಬೂತಿನಲ್ಲಿ, ಬಾಗಿಲಿನ ಕೀಲಿನಡಿ ಉಳಿದುಕೊಂಡಿದ್ದ ಮೂಲದ ತಿಳಿನೀಲಿಗೆ ಹೊಂದಿಸಿ ಹೊಡೆಸಿದೆ.

ವಿದ್ಯುತ್ತಿನಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಗಾಡಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರುತ್ತದೆ. ಇಂದಿನ ಅಭ್ಯಾಸದಂತೆ ನೆಗೆಟಿವ್ ಸೇರಿಸಿದರೆ ಡೈನಮೋ ಉಲ್ಟಾ ಆಗುತ್ತದೆ. ನನ್ನ ಡೈನಮೋವನ್ನು ಬಿಚ್ಚಿ ಸರಿಮಾಡಿದ ಎಲೆಕ್ಟ್ರಿಷಿಯನ್ ಬೆಂಚಿನ ಮೇಲೆ ನೆಗೆಟಿವ್ ಅರ್ತ್ ಕೊಟ್ಟು ಪರೀಕ್ಷಿಸಿದ್ದರಿಂದ ಅದರೊಳಗಿನ ಕಾಂತತ್ವ ತಿರುಗಿಹೋಗಿ ಚಾರ್ಜ್ ಆಗಲೇ ಇಲ್ಲ. ಬ್ಯಾಟರಿಯ ಪಾಸಿಟಿವನ್ನು ಡೈನಮೋದ ಮೈಗೆ ಹಿಡಿದು, ನೆಗೆಟಿವ್ ತಂತಿಯನ್ನು ಫೀಲ್ಡ್ ತುದಿಗೆ ಕ್ಷಣಮಾತ್ರ ತಾಗಿಸಿದಾಗ ಸಣ್ಣ ಕಿಡಿಯೊಂದಿಗೆ ಅದು ಸರಿಹೋಯಿತು. ತಂತಿಗಳನ್ನೆಲ್ಲ ಬ್ರಿಟಿಷ್ ವಿದ್ಯುತ್ ಉಪಕರಣ ಕಂಪನಿಯಾದ ಲೂಕಾಸ್‌ನ ಬಣ್ಣದ ಕ್ರಮದಲ್ಲಿಯೇ ಹೊಸದಾಗಿ ಎಳೆದೆ. ಕಂದು ಸದಾ ವಿದ್ಯುತ್ತಿರುವುದು, ಬಿಳಿ ಕೀಲಿ ತಿರುಗಿಸಿದ ಮೇಲೆ ಬರುವುದು, ಹಸಿರು ಅದರ ಮುಂದೆ ಫ್ಯೂಸ್ ದಾಟಿದ್ದು, ಕಪ್ಪು ಬಾಡಿಗೆ ಹೋಗುವುದು. ಮುಂದೆ ಇದನ್ನು ಬಿಚ್ಚುವವನು ಯಾರೇ ಆಗಿರಲಿ, ಬಣ್ಣ ನೋಡಿಯೇ ದಾರಿ ಹಿಡಿಯಬಹುದು.

ಕಾಗದಪತ್ರದ ವಿಷಯವೂ ಕೆಲಸದ ರೀತಿಯನ್ನು ನಿರ್ಧರಿಸುತ್ತದೆ. 2021ರ ಜುಲೈನಲ್ಲಿ ಬಂದ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಚಾಸಿಸ್, ಬಾಡಿ ಮತ್ತು ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮೊದಲೇ ನೋಂದಣಿಯಿದ್ದ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ ಇಂತಹ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನ್ನ ಚಾಸಿಸ್ಸನ್ನು ಬದಲಿಸದೆ ತುಂಡು ಬೆಸೆದು ಉಳಿಸಿಕೊಂಡದ್ದಕ್ಕೆ, ಮಾರುತಿಯ ಎಂಜಿನ್ ಹಾಕಿ ಎಂದ ಅನೇಕರ ಸಲಹೆಯನ್ನು ಒಪ್ಪದಿದ್ದದ್ದಕ್ಕೆ ಮಾವನವರ ಮೇಲಿನ ಪ್ರೀತಿಯಷ್ಟೇ ಈ ನಿಯಮವೂ ಕಾರಣ.

2025ರ ಫೆಬ್ರುವರಿಯ ಒಂದು ಬೆಳಿಗ್ಗೆ ಆರು ಗಂಟೆಗೆ, ರಸ್ತೆ ಖಾಲಿಯಿರುವಾಗ, ನಂಜನಗೂಡು ರಸ್ತೆಯಲ್ಲಿ ಕಡಕೊಳದವರೆಗೆ ಹೋಗಿಬಂದೆ. ಮೊದಲ ಗೇರಿಗೆ ಹಲ್ಲುಗಳನ್ನು ಸಲೀಸಾಗಿ ಸೇರಿಸುವ ಸಿಂಕ್ರೊ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಬೇಕು. ಹಿಂತಿರುಗಲು ರಸ್ತೆಬದಿಯ ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ, 25 ಅಡಿಯ ವೃತ್ತದಲ್ಲಿ ಗಾಡಿ ಆಟೋರಿಕ್ಷಾದಂತೆ ಸಲೀಸಾಗಿ ಹೊರಳಿತು. ನನ್ನ ಮನಸ್ಸೆಲ್ಲ ಮುಂದಿನ ಎಡ ಚಕ್ರದ ಒಳಗಿದ್ದ ಆ ಹೊಸ ಮರೆಯ ಮೇಲಿತ್ತು. ಮನೆಗೆ ಬಂದು, ಎಂಜಿನ್ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಕ್ರಮವಾಗಿ ಮತ್ತೆ ಬಿಗಿದು, ವಾಲ್ವುಗಳ ಟ್ಯಾಪೆಟ್ ಸಂದನ್ನು 10 ಥೌಗೆ ಹೊಂದಿಸಿದೆ. ಸಂಪಿನ ಎಣ್ಣೆಯನ್ನು 300 ಕಿ.ಮೀ. ಓಡಿದಾಗ ಒಂದು ಸಲ ಬದಲಿಸಿದ್ದಾಯಿತು.

ಈಗ ಓಡೋಮೀಟರ್ 800 ಕಿ.ಮೀ. ಸೇರಿಸಿಕೊಂಡಿದೆ. ಕಳೆದ ವಾರ ಟ್ರನಿಯನ್‌ಗಳಿಗೆ ಎಣ್ಣೆ ಕೊಟ್ಟಾಗ ಎರಡೂ ಕಡೆ ಮೇಲಿನ ಸೀಲಿನ ಅಂಚಿನಿಂದ ಜೇನಿನ ಬಣ್ಣದ ಶುದ್ಧ ಎಣ್ಣೆ ಉಕ್ಕಿ ಬಂತು, ಕಂದಿನ ಸುಳಿವಿರಲಿಲ್ಲ. ಹಿಂದಿನ ಬಲ ಚಕ್ರದ ಬೇರಿಂಗಿನಲ್ಲಿ 40 ಕಿ.ಮೀ. ವೇಗ ದಾಟಿದ ಮೇಲೆ ಸಣ್ಣದೊಂದು ಗುಂಯ್‌ಗುಟ್ಟುವ ಸದ್ದಿದೆ. ದಪ್ಪ ತಟ್ಟೆಯ ಆ ಪುಲ್ಲರನ್ನು ಒರೆಸಿ ಮತ್ತೆ ಹೊರಗೆ ತೆಗೆದಿಟ್ಟಿದ್ದೇನೆ.